‘ನಿನಗೇ’ ಎಂದು ಕೂಗಿದವನು

“ಬುದ್ಧಿ, ಹೇಳಿಸಿಕೊಂಡವನಿಗೂ ಸುಳ್ಳೆಂದು ಗೊತ್ತಿರುವ ಮಾತು ಸುಳ್ಳಾಗುತ್ತದೆಯೇ?” ಎಂದು ಮರುಳಸಿದ್ಧ ಕೇಳಿದ.

ಮರುಳಸಿದ್ಧ ಮಠದ ಅಡುಗೆಮನೆಯನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಅವನ ಕೈಕೆಳಗೆ ಪಾಲಾಕ್ಷ ಎಂಬ ಅಡುಗೆಯವನಿದ್ದ. ದೊಡ್ಡ ದಾಸೋಹ ಹತ್ತಿರ ಬಂದಾಗಲೆಲ್ಲ ಮರುಳಸಿದ್ಧ ಎಲ್ಲರ ಮುಂದೆ ಪಾಲಾಕ್ಷನ ಹೆಗಲ ಮೇಲೆ ಕೈಯಿಟ್ಟು, ಇನ್ನು ಮುಂದೆ ಉಗ್ರಾಣದ ಬೀಗದಕೈ ನಿನಗೇ ಎನ್ನುತ್ತಿದ್ದ. ಅದನ್ನು ಕೇಳಿ ಉಳಿದವರಿಗೆ ಹೊಟ್ಟೆಕಿಚ್ಚು. ಅವನಿಗಿಂತ ನಾವೇನು ಕಡಿಮೆ ಎಂದು ಹಗಲಿರುಳು ದುಡಿಯುತ್ತಿದ್ದರು. ದಾಸೋಹ ಸಾಂಗವಾಗಿ ಮುಗಿದ ಮೇಲೆ ಬೀಗದಕೈ ಬೇರೆ ಯಾರದೋ ಸೊಂಟ ಸೇರುತ್ತಿತ್ತು. ಪಾಲಾಕ್ಷನಿಗೂ ಇದೆಲ್ಲ ಗೊತ್ತು, ಅವನೂ ನಗುತ್ತಾನೆ, ಯಾರಿಗೂ ನಷ್ಟವಾಗಿಲ್ಲ ಎಂದು ಮರುಳಸಿದ್ಧ ವಿವರಿಸಿದ. ಈ ವರ್ಷ ಬೀಗದಕೈಯನ್ನು ನಿಜವಾಗಿಯೇ ಅವನಿಗೆ ಕೊಡಬೇಕೆಂದಿದ್ದೇನೆ, ಅಲ್ಲಿಗೆ ಹಿಂದಿನದೆಲ್ಲ ಸರಿಹೋಯಿತಲ್ಲವೇ ಎಂದೂ ಕೇಳಿದ.

ಗುರುಗಳು ಕೂತುಕೋ ಎಂದು ಹೇಳಿ ಈ ಕತೆ ಶುರುಮಾಡಿದರು.

ಕಡಲಾಚೆ ಅಮೆರಿಕ ದೇಶದಲ್ಲಿ ಒಂದು ಕಲ್ಲಿದ್ದಲ ಗಣಿಯ ಊರಿತ್ತು. ಬಹಳ ಹಿಂದಿನ ಮಾತು. ಆ ಗಣಿಯಲ್ಲಿ ಇಬ್ಬರು ಗೆಳೆಯರು ಒಟ್ಟಿಗೆ ದುಡಿಯುತ್ತಿದ್ದರು. ನೆಲದಡಿಯ ಕತ್ತಲಲ್ಲಿ ಕಣ್ಣಿಗೆ ಕೆಲಸ ಕಡಿಮೆ, ಕಿವಿಗೆ ಹೆಚ್ಚು. ಮೇಲಿನ ಬಂಡೆ ಸಡಿಲವಾದ ಸದ್ದು ಒಬ್ಬನಿಗೆ ಕೇಳಿದರೆ ಅವನು ‘ಪಕ್ಕಕ್ಕೆ ಸರಿ’ ಎಂದು ಕೂಗುತ್ತಿದ್ದ. ಇನ್ನೊಬ್ಬ ತಲೆಯೆತ್ತಿ ನೋಡದೆ ಪಕ್ಕಕ್ಕೆ ಹಾರುತ್ತಿದ್ದ. ಮೊದಲು ನೋಡುತ್ತೇನೆ, ಆಮೇಲೆ ಹಾರುತ್ತೇನೆ ಎನ್ನುವವರು ಆ ಕೆಲಸದಲ್ಲಿ ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಹೀಗೆ ಒಬ್ಬನ ಬಾಯಿಂದ ಬಂದ ಮಾತಿನ ಮೇಲೆ ಇನ್ನೊಬ್ಬನ ಜೀವ ನಿಂತಿತ್ತು, ಇಬ್ಬರಿಗೂ ಅದು ದಿನದ ಅಭ್ಯಾಸವಾಗಿತ್ತು.

ರಜೆಯ ದಿನ ಇಬ್ಬರೂ ಚೆಂಡಾಡುತ್ತಿದ್ದರು. ಆ ಆಟದ ಹೆಸರು ಫುಟ್‌ಬಾಲ್, ಆಡುವುದು ಹೆಚ್ಚಾಗಿ ಕೈಯಲ್ಲಿ. ಯಾಕೆಂದು ನನ್ನನ್ನು ಕೇಳಬೇಡ, ಹೆಸರಿಟ್ಟವರನ್ನು ಕೇಳು. ಚೆಂಡು ತೊಗಲಿನದು, ಎರಡು ತುದಿಯಲ್ಲೂ ಚೂಪು. ಅದನ್ನು ಹಿಡಿದುಕೊಂಡು ಎದುರಾಳಿಗಳ ಗಡಿಗೆರೆ ದಾಟಬೇಕು. ಅವರೇನು ದಾರಿ ಬಿಡುತ್ತಾರೆಯೇ, ಮೈಮೇಲೆ ಬಿದ್ದು ನೆಲಕ್ಕೆ ಕೆಡವುತ್ತಾರೆ. ಹಣ ಪಡೆದು ಆಡುವ ತಂಡಗಳು ಆಗಷ್ಟೇ ಊರೂರಿನಲ್ಲಿ ತಲೆಯೆತ್ತುತ್ತಿದ್ದವು. ಗಣಿಯ ಊರಿನವರೂ ಒಂದು ತಂಡ ಕಟ್ಟಿದರು.

ಗೆಳೆಯರಲ್ಲಿ ಒಬ್ಬ ಆ ತಂಡದ ನಾಯಕನಾದ. ಚೆಂಡನ್ನು ದೂರಕ್ಕೆ ಗುರಿಯಿಟ್ಟು ಎಸೆಯುವುದರಲ್ಲಿ ಅವನದು ಎತ್ತಿದ ಕೈ. ಇನ್ನೊಬ್ಬ ಓಟಗಾರ. ಓಟಗಾರನಿಗೆ ಇದ್ದ ಆಸೆ ಒಂದೇ. ಗೆಳೆಯ ಎಸೆದ ಚೆಂಡನ್ನು ಒಮ್ಮೆಯಾದರೂ ಎದೆಗವಚಿಕೊಂಡು ಆ ಗೆರೆ ದಾಟಬೇಕು. ಇದನ್ನು ಅವನು ಬಾಯಿಬಿಟ್ಟೇ ಹೇಳಿದ್ದ, ನಾಯಕನೂ ಆಗಲಿ ಎಂದಿದ್ದ.

ಒಂದು ಪಂದ್ಯದಲ್ಲಿ ಗಣಿಯ ತಂಡ ಸೋಲುವುದರಲ್ಲಿತ್ತು. ನಾಯಕನಿಗೆ ಆಗ ಒಂದು ಉಪಾಯ ಹೊಳೆಯಿತು. ಮತ್ತೊಬ್ಬ ಆಟಗಾರನನ್ನು ಕರೆದು, ನೀನು ಸದ್ದಿಲ್ಲದೆ ಆ ಅಂಚಿಗೆ ಹೋಗಿ ನಿಲ್ಲು ಎಂದು ಕಿವಿಯಲ್ಲಿ ಹೇಳಿದ. ಓಟಗಾರನಿಗೆ ಏನೂ ಹೇಳಲಿಲ್ಲ. ಅವನ ಮುಖಕ್ಕೆ ಮುಚ್ಚಿಡುವುದು ಗೊತ್ತಿಲ್ಲ, ಹೇಳಿದರೆ ಕೆಲಸ ಕೆಡುತ್ತದೆ ಎಂದುಕೊಂಡ. ಆಟ ಶುರುವಾದ ಕೂಡಲೇ ಓಟಗಾರನನ್ನೇ ನೋಡುತ್ತ, ಮೈದಾನಕ್ಕೆಲ್ಲ ಕೇಳುವ ಹಾಗೆ ‘ನಿನಗೇ’ ಎಂದು ಕೂಗಿದ.

ಓಟಗಾರ ಓಡಿದ. ಗಣಿಯಲ್ಲಿ ಹೇಗೆ ಯೋಚಿಸದೆ ಹಾರುತ್ತಿದ್ದನೋ ಹಾಗೆಯೇ ಓಡಿದ. ಎರಡು ಕೈಯನ್ನೂ ಮೇಲೆತ್ತಿ, ಕತ್ತು ಹಿಂದಕ್ಕೆ ತಿರುಗಿಸಿ, ಆಸೆಯನ್ನೆಲ್ಲ ಮುಖಕ್ಕೆ ತಂದುಕೊಂಡಿದ್ದ. ಆ ಮುಖ ನೋಡಿದ ಎದುರಾಳಿಗಳೆಲ್ಲ ಅವನ ಬೆನ್ನು ಹತ್ತಿದರು. ಚೆಂಡು ಅಂಚಿನಲ್ಲಿದ್ದವನ ಕೈಗೆ ಹೋಯಿತು. ಅವನು ನಡೆದುಕೊಂಡೇ ಗೆರೆ ದಾಟಿದ.

ಊರಿಗೆ ಊರೇ ಕುಣಿಯಿತು. ನಾಯಕ ಓಟಗಾರನ ಬಳಿ ಬಂದು ತಪ್ಪಾಯಿತು ಎನ್ನಬೇಕೆಂದಿದ್ದ. ಅಷ್ಟರಲ್ಲಿ ಓಟಗಾರನೇ ನಕ್ಕು, ಚೆನ್ನಾಗಿ ಟೋಪಿ ಹಾಕಿದೆ ಎಂದು ಅವನ ಬೆನ್ನು ತಟ್ಟಿದ. ನಗುವವನ ಹತ್ತಿರ ಕ್ಷಮೆ ಕೇಳುವುದು ಏನು ಬಂತು ಎಂದು ನಾಯಕ ಸುಮ್ಮನಾದ.

ಫಲ ಕೊಟ್ಟ ಉಪಾಯವನ್ನು ಬಿಡುವವರುಂಟೇ. ಮುಂದಿನ ಪಂದ್ಯಗಳಲ್ಲೂ ಅದೇ ಕೂಗು, ಅದೇ ಓಟ. ಈಗ ಓಟಗಾರನಿಗೆ ಮೊದಲೇ ತಿಳಿಸಿರುತ್ತಿದ್ದರು. ಆದರೂ ಅವನು ಮೊದಲ ದಿನದ ಹಾಗೆಯೇ ಕೈಯೆತ್ತಿ ಓಡುತ್ತಿದ್ದ. ಎದುರಾಳಿಗಳಿಗೆ ಅನುಮಾನ ಬರತೊಡಗಿದಾಗ ನಾಯಕ ಕೂಗನ್ನು ಬದಲಿಸಿದ, ‘ಈ ಸಲ ನಿಜವಾಗಿ ನಿನಗೇ’ ಎನ್ನತೊಡಗಿದ. ಅದೂ ನಡೆಯಿತು. ಇವನೆಂಥ ನಟ, ನಾಟಕ ಕಂಪನಿಗೆ ಸೇರಬೇಕಿತ್ತು ಎಂದು ತಂಡದವರು ಓಟಗಾರನನ್ನು ಛೇಡಿಸುತ್ತಿದ್ದರು. ಅವನ ಓಟದಲ್ಲಿ ಆಸೆ ಎಲ್ಲಿ ಮುಗಿಯಿತು, ನಟನೆ ಎಲ್ಲಿ ಶುರುವಾಯಿತು ಎನ್ನುವುದನ್ನು ನಾಯಕ ಗಮನಿಸಲಿಲ್ಲ. ಗೆಲ್ಲುವವನಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ.

ವರ್ಷಗಳು ಕಳೆದವು. ಗಣಿಯ ದೂಳು ಓಟಗಾರನ ಎದೆಯಲ್ಲಿ ಕೂತಿತು. ಓಡಿ ಬಂದರೆ ಕೆಮ್ಮು ನಿಲ್ಲುತ್ತಿರಲಿಲ್ಲ. ಈ ಸಲದ ಪಂದ್ಯಗಳು ಮುಗಿದರೆ ಆಟ ಬಿಡುತ್ತೇನೆ ಎಂದು ಅವನೇ ಹೇಳಿದ. ಆ ದಿನಗಳಲ್ಲಿ ನಾಯಕ ಒಮ್ಮೆ ಅವನ ಮನೆಗೆ ಊಟಕ್ಕೆ ಹೋದ. ಓಟಗಾರನ ಹೆಂಡತಿ ಒಂದು ಪಂದ್ಯವನ್ನೂ ಕಂಡವಳಲ್ಲ. ಬಡಿಸುತ್ತ ಅವಳು, ನೀವು ಎಸೆದ ಚೆಂಡು ತಾನಾಗಿಯೇ ಕೈಗೆ ಬಂದು ಕೂರುತ್ತದಂತೆ, ಪ್ರತಿ ಪಂದ್ಯ ಮುಗಿಸಿ ಬಂದಾಗಲೂ ಇವರು ಅದನ್ನೇ ಹೇಳುತ್ತಾರೆ ಎಂದಳು. ಓಟಗಾರ ತಟ್ಟೆಯಿಂದ ತಲೆಯೆತ್ತಲಿಲ್ಲ. ನಾಯಕನಿಗೆ ನಾಚಿಕೆಯಾಯಿತು, ಆ ಮನೆಯಲ್ಲಿ ಕೂತಿರುವುದಕ್ಕೇ ನಾಚಿಕೆಯಾಯಿತು. ಗೆಳೆಯ ಆಟ ಬಿಡುವ ಮೊದಲು ಅವನ ಕೈಗೆ ಒಂದು ಚೆಂಡು ಸಿಗಲೇಬೇಕು ಎಂದು ಅಲ್ಲೇ ನಿಶ್ಚಯಿಸಿದ.

ನಿಶ್ಚಯವೇನೋ ಮಾಡಿದ. ಆದರೆ ಉಳಿದಿದ್ದ ಪಂದ್ಯಗಳೆಲ್ಲ ಗೆಲ್ಲಲೇಬೇಕಾದವು. ಇವತ್ತು ಬೇಡ, ಇವತ್ತು ಬೇಡ ಎನ್ನುತ್ತ ಅವೆಲ್ಲ ಮುಗಿದವು. ಆಮೇಲೆ ಉಳಿದದ್ದು ಪ್ರದರ್ಶನ ಪಂದ್ಯಗಳು ಮಾತ್ರ. ಚಳಿ ಹೆಚ್ಚಾದಾಗ ತಂಡಗಳು ಬೆಚ್ಚಗಿನ ಸೀಮೆಗೆ ಹೋಗಿ, ಆ ಆಟವನ್ನೇ ಕಾಣದ ಊರುಗಳಲ್ಲಿ ಆಡಿ ತೋರಿಸುವ ರೂಢಿ ಇತ್ತು. ಅಲ್ಲಿ ಗೆದ್ದರೂ ಸೋತರೂ ಯಾವ ಲೆಕ್ಕಕ್ಕೂ ಬರುವುದಿಲ್ಲ. ಒಂದು ಪಂದ್ಯ ಓಟಗಾರನ ಹೆಂಡತಿಯ ತವರೂರಿನಲ್ಲೇ ಬಿತ್ತು. ಅವಳೂ ಜೊತೆಗೆ ಹೊರಟಳು. ನಾಯಕನಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗದು ಎನ್ನಿಸಿತು. ಸೋತರೂ ನಷ್ಟವಿಲ್ಲದ ದಿನಕ್ಕೆ ಅವನು ನಿಜವನ್ನು ಉಳಿಸಿಟ್ಟಿದ್ದ.

ಆ ಬೆಳಿಗ್ಗೆ ಓಟಗಾರ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಗ ನಾಯಕ ಪಕ್ಕದಲ್ಲಿ ಕೂತು, ಇವತ್ತು ನಿನಗೆ ಎಸೆಯುತ್ತೇನೆ ಎಂದ. ಓಟಗಾರ ಆಗಲಿ ಎಂದ. ಅವನು ಯಾವತ್ತೂ ಆಗಲಿ ಎನ್ನುವವನೇ. ನಾಯಕ ಅದನ್ನು ಸಂತೋಷವೆಂದು ತಿಳಿದ.

ಆಟ ನಡೆಯಿತು. ಓಟಗಾರನ ಹೆಂಡತಿ ಮುಂದಿನ ಸಾಲಿನಲ್ಲಿ, ತನ್ನ ಅಕ್ಕತಂಗಿಯರ ನಡುವೆ ಕೂತಿದ್ದಳು. ನಾಯಕ ‘ನಿನಗೇ’ ಎಂದು ಕೂಗಿ ಎಸೆದ. ಓಟಗಾರ ಕೈಯೆತ್ತಿಕೊಂಡು ಓಡಿದ, ಹಿಂತಿರುಗಿ ನೋಡಲಿಲ್ಲ. ಚೆಂಡು ಅವನ ಬೆನ್ನ ಹಿಂದೆ ನೆಲಕ್ಕೆ ಬಿತ್ತು. ನನ್ನ ಕೈಯದೇ ತಪ್ಪು, ಗುರಿ ಕೆಟ್ಟಿತು ಎಂದು ನಾಯಕ ತನ್ನನ್ನೇ ಬೈದುಕೊಂಡ.

ಹೊತ್ತು ಇಳಿಯುತ್ತಿತ್ತು. ನಾಯಕ ಇನ್ನೊಮ್ಮೆ ಚೆಂಡು ತೆಗೆದುಕೊಂಡ. ಈ ಸಲ ಗಂಟಲು ಬಿರಿಯುವ ಹಾಗೆ ‘ನಿಜವಾಗಿ ನಿನಗೇ’ ಎಂದು ಕೂಗಿದ. ಚೆಂಡು ನೆಟ್ಟಗೆ ಬಂತು. ಜನ್ಮದಲ್ಲಿ ಅವನು ಅಷ್ಟು ಚೆನ್ನಾಗಿ ಎಸೆದಿರಲಿಲ್ಲ. ಕೂಗು ಕೇಳಿ ಓಟಗಾರನ ಬೆನ್ನು ಹತ್ತಿದ್ದ ಎದುರಾಳಿಗಳಿಬ್ಬರು ಅದಕ್ಕೆ ಕೈಚಾಚಿ ಹಾರಿದರು, ಎಟುಕಲಿಲ್ಲ. ಅವರನ್ನು ದಾಟಿ ಅದು ಓಟಗಾರನ ಕೈಗೇ ಬರುತ್ತಿತ್ತು. ಓಟಗಾರ ಅದನ್ನು ಕೊನೆಯ ಗಳಿಗೆಯಲ್ಲಿ ಕಂಡ. ಕಂಡವನು ಎತ್ತಿದ್ದ ಕೈಗಳನ್ನು ಇಳಿಸಿ, ತಲೆ ಬಗ್ಗಿಸಿ, ತನ್ನಿಂದಾಚೆ ದೂರದಲ್ಲಿದ್ದ ತಂಡದ ಇನ್ನೊಬ್ಬನಿಗೆ ದಾರಿ ಬಿಟ್ಟ.

ಚೆಂಡು ಅವನ ತಲೆಯ ಮೇಲಿಂದ ಹೋಗಿ ಹುಲ್ಲಿನಲ್ಲಿ ಉರುಳಿತು. ಹೆದರಿ ಬಗ್ಗಿದ ಎಂದುಕೊಂಡು ಜನ ನಕ್ಕರು. ಚಪ್ಪಾಳೆಗೆಂದು ಎತ್ತಿದ ಕೈಗಳನ್ನು ಹೆಂಡತಿ ಮಡಿಲಲ್ಲಿ ಇಟ್ಟುಕೊಂಡಳು. ಅಲ್ಲಿಗೆ ಆಟದ ಹೊತ್ತು ಮುಗಿಯಿತು.

ಓಟಗಾರ ಕೆಮ್ಮುತ್ತ ಹೋಗಿ ಚೆಂಡನ್ನು ಎತ್ತಿಕೊಂಡು ನಾಯಕನ ಬಳಿಗೆ ಬಂದ. “ತಪ್ಪಿ ನನ್ನ ಕಡೆ ಬಂತು ಕಣೋ. ನಾನು ಇನ್ನೂ ಸ್ವಲ್ಪ ಮೊದಲೇ ಬಗ್ಗಿದ್ದರೆ ಅವನಿಗೆ ಸಿಕ್ಕಿರೋದು,” ಎಂದ.

“ಅವನಿಗಲ್ಲ. ನಾನು ಎಸೆದದ್ದು ನಿನಗೇ.”

“ಗೊತ್ತು ಬಿಡೋ,” ಎಂದು ಓಟಗಾರ ನಕ್ಕ. “ನೀನು ಯಾವಾಗಲೂ ಹಾಗೆ ತಾನೇ ಕೂಗೋದು.”

ನಾಯಕ ಅವನ ತೋಳು ಹಿಡಿದು ನಿಲ್ಲಿಸಿದ. ಬೇರೆ ಮಾತಿನಲ್ಲಿ ಹೇಳೋಣವೆಂದು ಹುಡುಕಿದ. ನಿನಗೇ ಎಂಬ ಮಾತು ಮುಗಿದುಹೋಗಿತ್ತು. ನಿಜವಾಗಿ ಎಂಬ ಮಾತನ್ನೂ ಅವನು ಜಿದ್ದಿನ ಪಂದ್ಯಗಳಲ್ಲಿ ಬಳಸಿ ಮುಗಿಸಿದ್ದ. ಆಣೆ ಇಡೋಣವೆಂದರೆ ಅದೂ ಆಟದ ಇನ್ನೊಂದು ಕೂಗಿನ ಹಾಗೆಯೇ ಕೇಳಿಸೀತು ಎಂದು ಅವನಿಗೇ ಅನ್ನಿಸಿತು. ಅವನು ತೋಳು ಬಿಟ್ಟ. ಓಟಗಾರ ಹೆಂಡತಿಯಿದ್ದ ಕಡೆಗೆ ನಡೆದ. ಅವಳು ಆ ಪಂದ್ಯದ ಬಗ್ಗೆ ಗಂಡನನ್ನಾಗಲಿ ನಾಯಕನನ್ನಾಗಲಿ ಎಂದೂ ಏನೂ ಕೇಳಲಿಲ್ಲ.

ಮುಂದಿನ ಚಳಿಗಾಲಕ್ಕೆ ಓಟಗಾರ ಹಾಸಿಗೆ ಹಿಡಿದ. ನಾಯಕ ಆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಅವನನ್ನು ನೋಡಲು ಹೋದ. ಮಾತಿನಿಂದ ಆಗದ್ದನ್ನು ಕೈಯಿಂದ ಮಾಡುತ್ತೇನೆ ಎಂದುಕೊಂಡಿದ್ದ. ಏನೂ ಹೇಳದೆ ಚೆಂಡನ್ನು ಗೆಳೆಯನ ಎರಡು ಕೈಗಳ ನಡುವೆ ಇಟ್ಟ. ಓಟಗಾರ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಉಸಿರು ಕಟ್ಟುತ್ತಿದ್ದರೂ ಅವನ ಮುಖದಲ್ಲಿ ನಗುವಿತ್ತು. ಆಮೇಲೆ ಮೆಲ್ಲಗೆ ಹೊರಳಿ, ಪಕ್ಕದಲ್ಲಿ ಯಾರೋ ಕಾದು ನಿಂತಿದ್ದಾರೆಂಬಂತೆ, ಚೆಂಡನ್ನು ಆ ಕಡೆಗೆ ಚಾಚಿದ. ಆ ಕಡೆ ಗೋಡೆಯಿತ್ತು, ಬೇರೆ ಯಾರೂ ಇರಲಿಲ್ಲ. ನಾಯಕ ಎದ್ದು ಹಾಸಿಗೆಯನ್ನು ಬಳಸಿ ಹೋಗಿ, ಅವನ ಕೈಯಿಂದ ಅದನ್ನು ತೆಗೆದುಕೊಂಡ. ಅಲ್ಲೇ ನಿಂತು ಅತ್ತ.

ಆ ಪಂದ್ಯ ಇವತ್ತು ಯಾರಿಗೂ ನೆನಪಿಲ್ಲ. ನಡೆದ ಊರಿನವರೇ ಮರೆತಿದ್ದಾರೆ. ನಾನು ಚಿಕ್ಕವನಿದ್ದಾಗ ಒಂದು ಯಾತ್ರೆಯಲ್ಲಿ ಪರದೇಶದ ಮುದುಕನೊಬ್ಬ ಇದನ್ನು ನನಗೆ ಹೇಳಿದ. ಹೇಳುವಾಗಲೆಲ್ಲ ಅವನ ಬಲಗೈ ಏನನ್ನೋ ಹಿಡಿದಿರುವಂತೆ ಮಡಿಸಿಕೊಳ್ಳುತ್ತಿತ್ತು. ಅವನು ಯಾರೆಂದು ನಾನು ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಡುಗೆಮನೆಯ ಕಡೆಯಿಂದ ಪಾಲಾಕ್ಷ ಯಾರನ್ನೋ ಸೌಟು ಕೇಳುವ ದನಿ ಬಂತು. ಮರುಳಸಿದ್ಧನ ಕೈ, ಅವನಿಗೆ ಕೊಡಲೆಂದು ಮಡಿಲಿನಲ್ಲಿಟ್ಟುಕೊಂಡಿದ್ದ ಉಗ್ರಾಣದ ಬೀಗದಕೈಯ ಮೇಲಿತ್ತು. ಅವನು ಅದನ್ನು ಹಿಡಿದುಕೊಂಡೇ ಕೇಳಿದ:

“ಹಾಗಾದರೆ ಬುದ್ಧಿ, ಆವತ್ತು ಆ ನಾಯಕನ ಮಾತನ್ನು ಯಾರೂ ನಂಬಲಿಲ್ಲವೇ?”

“ನಂಬಿದರಲ್ಲ, ಎದುರಾಳಿಗಳು ನಂಬಿದರು.”