ಪೆರೋಲ್ ಅಳಿಯನ ತುಪ್ಪ

ದೊರೆಸ್ವಾಮಿ ಜೈಲಿಂದ ಪೆರೋಲ್ ಮೇಲೆ ಮಾವನ ಮನೆಗೆ ಬಂದ. ಅತ್ತೆ ಅವನ ಹೋಳಿಗೆ ಮೇಲೆ ತುಪ್ಪ ಸುರಿದಿದ್ದೇ ಸುರಿದಿದ್ದು. ಪಕ್ಕದ ಎಲೇಲಿ ಅದೇ ಮನೇಲಿ ಇರೋ ಷಡ್ಡಕ ಗುರುಮಲ್ಲನಿಗೆ ಬರೀ ಮುದ್ದೆ. ಗುರುಮಲ್ಲ ಹೊಟ್ಟೆ ಉರ್ಕೊಂಡು ಪೆರೋಲ್ ಆಫೀಸರ್ ಹತ್ರ ಹೋಗಿ, "ಇವ್ನು ಮನೇಲಿ ದಿನಾ ಗಲಾಟೆ ಮಾಡ್ತಾನೆ" ಅಂತ ದೂರು ಕೊಟ್ಟ.

ಪೆರೋಲ್ ಆಫೀಸರ್ ಮೀಸೆ ತಿರುವ್ಕೊಂಡು ಬಂದ್ರು. "ಗಲಾಟೆ ನಿಜ ಆದ್ರೆ ಪೆರೋಲ್ ರದ್ದು. ಏನಯ್ಯಾ ಹೇಳ್ತೀಯ?"

"ರದ್ದು ಮಾಡಿಬಿಡಿ ಸಾರ್. ಇಲ್ಲೇ ಇದ್ರೆ ನಾಲ್ಕು ದಿನಕ್ಕೆ ನಾನೂ ಹಳೇ ಅಳಿಯ, ನಂಗೂ ಬರೀ ಮುದ್ದೆ. ವಾಪಸ್ ಜೈಲಿಗೆ ಹೋದ್ರೆ ಅತ್ತೆಗೆ ಅಯ್ಯೋ ಪಾಪ ಅನ್ಸುತ್ತೆ. ಮುಂದಿನ ಸಲ ಬಂದಾಗ ಡಬಲ್ ತುಪ್ಪ!"

ಗುರುಮಲ್ಲ ಓಡಿಬಂದು ಆಫೀಸರ್ ಕೈ ಹಿಡ್ಕೊಂಡ. "ಬೇಡ ಸಾರ್, ಇವ್ನು ಇಲ್ಲೇ ಇರ್ಲಿ!"

"ಮತ್ತೆ ಗಲಾಟೆ?"

"ಅದು ನನ್ನ ಹೊಟ್ಟೇಲಿ ಆಗ್ತಿತ್ತು ಸಾರ್."