ಅರವತ್ತು ಜನ ಕೇಳಿದ ಮೌನ

ಪ್ರೊಫೆಸರ್ ಹಾಲಸ್ವಾಮಿಯವರಿಗೆ ತಮ್ಮ ಆನ್‌ಲೈನ್ ಪಾಠವನ್ನು ತಾವೇ ಕೇಳುವ ಚಟ. ಒಂದು ದಿನ ರೆಕಾರ್ಡಿಂಗ್ ಹಾಕಿದರೆ ಗಂಟೆಪೂರ್ತಿ ಬಾಯಿ ಆಡುತ್ತಿದೆ, ಸದ್ದೇ ಇಲ್ಲ! ಮೈಕ್ ಆನ್ ಮಾಡಲು ಮರೆತಿದ್ದರು. ಆದರೆ ತಪ್ಪೊಪ್ಪಿಕೊಳ್ಳುವ ಜಾಯಮಾನವೇ ಅವರದು? ನೇರ ಟೆಕ್ನಿಕಲ್ ಸಪೋರ್ಟ್ ಕೋಣೆಗೆ ನುಗ್ಗಿದರು.

"ಏನಮ್ಮಾ, ಎಂಥ ಡಕೋಟ ವ್ಯವಸ್ಥೆ ಇದು! ನನ್ನ ಆನ್‌ಲೈನ್ ಪಾಠದಲ್ಲಿ ಗಂಟೆಪೂರ್ತಿ ಸದ್ದೇ ಇಲ್ಲ! ಕುಲಪತಿಗಳಿಗೆ ದೂರು ಕಳಿಸು, ಈಗಲೇ!"

ಅಲ್ಲಿ ಕೆಲಸಕ್ಕಿದ್ದ ನೀಲಾಂಬಿಕೆ ತಣ್ಣಗೆ ದೂರಿನ ಪುಸ್ತಕ ಬಿಡಿಸಿದಳು. "ಆಗಲಿ ಸರ್. ಕೇಳಿಸ್ತಿಲ್ಲ ಅಂತ ಮೊದಲು ಹೇಳಿದ ವಿದ್ಯಾರ್ಥಿ ಯಾರು?"

"ಯಾರೂ ಹೇಳಲಿಲ್ಲ."

"ಎಷ್ಟು ಜನ ಇದ್ದರು ಸರ್?"

"ಅರವತ್ತು! ಒಬ್ಬರೂ ಮಧ್ಯೆ ಬಿಟ್ಟು ಹೋಗಲಿಲ್ಲ," ಎಂದು ಪ್ರೊಫೆಸರ್ ಎದೆಯುಬ್ಬಿಸಿದರು.

ನೀಲಾಂಬಿಕೆ ಪೆನ್ನಿನ ಕ್ಯಾಪ್ ತೆಗೆದಳು. "ಅರವತ್ತು ಜನ, ಒಂದು ಗಂಟೆ, ಒಬ್ಬರಿಗೂ ಏನೂ ಕೊರತೆ ಅನ್ನಿಸಿಲ್ಲ. ದೂರು ಮೈಕಿನ ಮೇಲೆ ಬರೀಲಾ ಸರ್, ಪಾಠದ ಮೇಲೆ ಬರೀಲಾ?"

ಪ್ರೊಫೆಸರ್ ಮೆಲ್ಲಗೆ ತಾವೇ ಪುಸ್ತಕ ಮುಚ್ಚಿದರು.

"ಆ ಮೈಕ್ ಆನ್ ಮಾಡೋದು ಎಲ್ಲಿ, ಸ್ವಲ್ಪ ತೋರಿಸಮ್ಮ."