ಹೆಚ್ಚು ವೋಟು ಬಿದ್ದ ಗುಂಡಿ

ಒಂದೇ ರಸ್ತೆಯ ಆ ತುದಿಗೆ, ಹೊಸ ಬಡಾವಣೆಯಲ್ಲಿ, ಒಂದು ಸಣ್ಣ ಗುಂಡಿ ಇತ್ತು. ಈ ತುದಿಗೆ, ಹೂಗಾರ ಓಣಿಯಲ್ಲಿ, ಒಂದು ದೊಡ್ಡ ಗುಂಡಿ. ಜನ ಮುಗಿಬಿದ್ದು ಸಣ್ಣದರ ಫೋಟೊ ತೆಗೆಯುವುದನ್ನು ಕಂಡು ದೊಡ್ಡದಕ್ಕೆ ಹೊಟ್ಟೆ ಉರಿಯಿತು.

"ತಟ್ಟೆಯಷ್ಟಿಲ್ಲ ನೀನು, ನಿನಗೇಕಯ್ಯಾ ಈ ಮೆರವಣಿಗೆ?"

"ನಗರಸಭೆಯ ಆ್ಯಪಿನಲ್ಲಿ ನಾನಿದ್ದೇನೆ. ಹೆಚ್ಚು ವೋಟು ಬಿದ್ದ ಗುಂಡಿಗೇ ಮೊದಲ ಮರ್ಯಾದೆ," ಎಂದು ಸಣ್ಣದು ಬೀಗಿತು.

"ಆಟೊಗಳ ಅಚ್ಚು ಮುರಿದವನು ನಾನು! ನನಗೆ ಸಿಕ್ಕಿದ್ದು, ಯಾರೂ ಬೀಳದಿರಲೆಂದು ಓಣಿಯವರು ನೆಟ್ಟ ಈ ಬೇವಿನ ಕೊಂಬೆ!"

ಮರುದಿನ ಲಾರಿ ಬಂತು. "ನೋಡು, ನನಗಾಗಿಯೇ ಬಂದರು," ಎಂದು ಸಣ್ಣದು ಕೂಗುವಷ್ಟರಲ್ಲಿ ಅದರ ಬಾಯಿಗೆ ಬಿಸಿ ಡಾಂಬರು ಬಿತ್ತು, ಮೇಲೆ ರೋಲರ್ ಹರಿಯಿತು. ಮತ್ತೆ ಸದ್ದಿಲ್ಲ.

ದೊಡ್ಡ ಗುಂಡಿಯ ಹೊಟ್ಟೆಕಿಚ್ಚು ಥಟ್ಟನೆ ಆರಿತು. 'ಈ ಓಣಿಗೆ ಆ ಆ್ಯಪಿನ ಸುದ್ದಿ ಮುಟ್ಟದಿದ್ದರೆ ಸಾಕು' ಎಂದುಕೊಳ್ಳುವಾಗಲೇ, ಅದರಲ್ಲಿ ಬಿದ್ದು ಕಾಲು ಉಳುಕಿಸಿಕೊಂಡಿದ್ದ ಸಂಕವ್ವ ಕುಂಟುತ್ತ ಬಂದಳು. ಕೊಂಬೆ ಕಿತ್ತೆಸೆದು, ಮೊಬೈಲ್ ಎತ್ತಿ ಹಿಡಿದು, ಓಣಿಯವರನ್ನೆಲ್ಲ ಕೂಗಿದಳು: "ಬರ್ರಿ, ಎಲ್ಲಾರೂ ಇದಕ್ಕ ಒಂದೊಂದು ವೋಟು ಒತ್ತ್ರಿ!"

ಗುಂಡಿ ಜನ್ಮದಲ್ಲೇ ಮೊದಲ ಸಲ, ಉಸಿರು ಬಿಗಿಹಿಡಿದು, ಚಿಕ್ಕದಾಗಿ ಕಾಣಲು ಒದ್ದಾಡಿತು.